ಹೊಟ್ಟೆಯ ಕೊಬ್ಬಿನಿಂದ ಸವೆದ ಮಂಡಿ ಮತ್ತೆ ಬೆಳೆಯುತ್ತದೆಯೇ?

ಪ್ರಶ್ನೆ: ಡಾಕ್ಟ್ರೇ, ನನಗೆ 57 ವರ್ಷ. ಸೋಮವಾರಪೇಟೆ ತಾಲ್ಲೂಕಿನಲ್ಲಿ ನಾಲ್ಕು ಎಕರೆ ಕಾಫಿ ತೋಟವಿದೆ. ಆಳು ಸಿಗದೆ ಬಹುಪಾಲು ಕೆಲಸ ನಾವೇ ಮಾಡುತ್ತೇವೆ. ಎರಡು ವರ್ಷದಿಂದ ಎರಡೂ ಮಂಡಿ ನೋವು. ಏರು ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಉದುರು ಕಾಫಿ ಹೆಕ್ಕಲು ಕುಕ್ಕರುಗಾಲಲ್ಲಿ ಕೂತರೆ ಏಳಲು ಗಿಡ ಹಿಡಿಯಬೇಕು. ತೂಕ 78 ಕೆಜಿ, ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ. ಎಕ್ಸ್‌ರೇ ನೋಡಿದವರು ‘ಗ್ರೇಡ್ 3 ಸವೆತ’ ಅಂದರು. ಈಚೆಗೆ ಪಕ್ಕದ ಊರಿನ ಕಲ್ಯಾಣಮಂಟಪದಲ್ಲಿ ಒಂದು ಉಚಿತ ಶಿಬಿರ ನಡೆಯಿತು. ಹೊಟ್ಟೆಯ ಕೊಬ್ಬು ತೆಗೆದು, ಅದರಿಂದ ಸ್ಟೆಮ್ ಸೆಲ್ ಬೇರ್ಪಡಿಸಿ ಮಂಡಿಗೆ ಚುಚ್ಚಿದರೆ ಸವೆದದ್ದು ಮತ್ತೆ ಬೆಳೆಯುತ್ತದೆ, ಆಪರೇಷನ್ನೇ ಬೇಡ ಎಂದರು. ಎರಡೂ ಮಂಡಿಗೆ ಸೇರಿ ಮೂರು ಲಕ್ಷದ ಪ್ಯಾಕೇಜ್, ನಗರಕ್ಕೆ ಹೋಗಿ ಬರಬೇಕು. ನನ್ನ ನಾದಿನಿ ಹೀಗೇ ಮಾಡಿಸಿಕೊಂಡು ಆರು ತಿಂಗಳಿಂದ ಆರಾಮಾಗಿದ್ದಾಳೆ. ಮಗ ಬೇಡ ಅನ್ನುತ್ತಾನೆ. ಈ ಸಲದ ಕೊಯ್ಲಿನ ದುಡ್ಡಿನಲ್ಲಿ ಮಾಡಿಸಿಕೊಳ್ಳಲೇ?

ಉತ್ತರ: ಮುಂಗಡ ಕಟ್ಟಿಲ್ಲವಾದರೆ ಕಟ್ಟಬೇಡಿ. ಇಷ್ಟು ಮೊದಲು ಹೇಳಿ ಆಮೇಲೆ ಕಾರಣ ಹೇಳುತ್ತೇನೆ.

ಕೊಬ್ಬಿನಿಂದ ತೆಗೆದ ಸ್ಟೆಮ್ ಸೆಲ್‌ಗಳು, ಅಂದರೆ ಬೇರೆ ಬೇರೆ ಬಗೆಯ ಕೋಶಗಳಾಗಿ ಮಾರ್ಪಡಬಲ್ಲ ಜೀವಕೋಶಗಳು, ಕೆಲವರಿಗೆ ಕೆಲವು ತಿಂಗಳ ಮಟ್ಟಿಗೆ ನೋವು ಇಳಿಸಬಹುದು ಎಂಬುದಕ್ಕೆ ಒಂದಿಷ್ಟು ಪುರಾವೆ ಇದೆ. ಸವೆದ ಮಂಡಿಯಲ್ಲಿ ಅವು ಹೊಸ ಮೃದ್ವಸ್ಥಿ (ಮೂಳೆ ತುದಿಯ ನುಣುಪಾದ ಹೊದಿಕೆ) ಬೆಳೆಸುತ್ತವೆ ಎಂಬುದಕ್ಕೆ ಮನುಷ್ಯರಲ್ಲಿ ನಂಬುವಂಥ ಪುರಾವೆ ಇಲ್ಲ. ಶಿಬಿರದಲ್ಲಿ ನಿಮಗೆ ಹೇಳಿದ್ದು ಈ ಎರಡನೆಯದನ್ನು. ದುಡ್ಡು ಕೊಟ್ಟರೆ ಸಿಕ್ಕರೆ ಸಿಗುವುದು ಮೊದಲನೆಯದು. ಕಾಫಿಗೆ ಬೆಲೆ ಬಂದ ಮೇಲೆ ಇಂಥ ಶಿಬಿರಗಳ ಬಗ್ಗೆ ಕೇಳುವವರು ನನ್ನ ಬಳಿ ಜಾಸ್ತಿಯಾಗಿದ್ದಾರೆ. ಹಾಗಾಗಿ ನಿಮ್ಮ ನೆಪದಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮಂಡಿಯೊಳಗೆ ತೊಡೆಮೂಳೆ, ಕಾಲುಮೂಳೆ, ಚಿಪ್ಪು ಈ ಮೂರೂ ಒಂದಕ್ಕೊಂದು ತಾಗುವ ಕಡೆ ಕೆಲವೇ ಮಿಲಿಮೀಟರ್ ದಪ್ಪದ ನುಣುಪಾದ ಪದರವಿದೆ. ಅದೇ ಮೃದ್ವಸ್ಥಿ. ಅದರಲ್ಲಿ ಮುಕ್ಕಾಲು ಪಾಲು ನೀರು. ಉಳಿದದ್ದು ಹೆಚ್ಚಾಗಿ ಕೊಲ್ಯಾಜನ್ ಎಳೆಗಳು ಮತ್ತು ನೀರನ್ನು ಹಿಡಿದಿಡುವ ಪ್ರೋಟೀನ್‌ಗಳು. ಜೀವಕೋಶಗಳು ನೂರರಲ್ಲಿ ಎರಡು ಪಾಲಿನ ಆಸುಪಾಸು ಮಾತ್ರ. ರಕ್ತನಾಳ ಇಲ್ಲ, ನರವೂ ಇಲ್ಲ. ರಕ್ತ ಹರಿಯದ ಜಾಗ ತಾನಾಗಿ ಗುಣವಾಗುವುದು ಕಷ್ಟ. ಎಷ್ಟು ಕಷ್ಟ ಎಂಬುದನ್ನು ಡೆನ್ಮಾರ್ಕಿನ ವಿಜ್ಞಾನಿಗಳು 2016ರಲ್ಲಿ ಒಂದು ಜಾಣ ದಾರಿಯಿಂದ ತೋರಿಸಿದರು. 1950-60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ವಿಕಿರಣಶೀಲ ಇಂಗಾಲ ಏರಿತ್ತಲ್ಲ, ಆಗ ಬೆಳೆದ ಅಂಗಾಂಶದಲ್ಲಿ ಉಳಿದ ಆ ಗುರುತು ಯಾವ ವರ್ಷದ್ದು ಎಂದು ಮಂಡಿಯ ಮೃದ್ವಸ್ಥಿಯಲ್ಲಿ ಅಳೆದು ನೋಡಿದರು. ಬಾಲ್ಯದಲ್ಲಿ, ಹರೆಯದಲ್ಲಿ ಕೂಡಿಕೊಂಡ ಕೊಲ್ಯಾಜನ್ನೇ ಮುಪ್ಪಿನವರೆಗೂ ಉಳಿದಿತ್ತು. ಸವೆತದ ಕಾಯಿಲೆ ಇದ್ದವರಲ್ಲೂ ಹೊಸದು ಕೂಡಿದ್ದು ಕಾಣಲಿಲ್ಲ. ‘ಮತ್ತೆ ಬೆಳೆಯುತ್ತದೆ’ ಎಂದು ಯಾರಾದರೂ ಸಲೀಸಾಗಿ ಹೇಳಿದರೆ ನಾನು ಅನುಮಾನದಿಂದ ನೋಡುವುದು ಇದಕ್ಕೇ.

ಇನ್ನೊಂದು ವಿಚಾರವನ್ನು ಗಮನವಿಟ್ಟು ಓದಿ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಮೃದ್ವಸ್ಥಿಗೆ ನರವಿಲ್ಲ ಎಂದಮೇಲೆ ನೋವು ಬರುವುದು ಎಲ್ಲಿಂದ? ಕೀಲಿನ ಒಳಪೊರೆ ಊದಿಕೊಳ್ಳುವುದರಿಂದ, ಪದರದ ಕೆಳಗಿನ ಮೂಳೆಯಿಂದ, ಮೂಳೆಗಳನ್ನು ಬಿಗಿದಿಡುವ ಅಸ್ಥಿರಜ್ಜುಗಳಿಂದ, ಚಿಪ್ಪಿನ ಕೆಳಗಿರುವ ಕೊಬ್ಬಿನ ಮೆತ್ತೆಯಿಂದ. ಎಕ್ಸ್‌ರೇಯಲ್ಲಿ ಗ್ರೇಡ್ 3 ಇರುವ ಒಬ್ಬರು ನಾಟಿ ಗದ್ದೆಯಲ್ಲಿ ದಿನವಿಡೀ ನಿಲ್ಲುತ್ತಾರೆ, ಗ್ರೇಡ್ 2 ಇರುವ ಇನ್ನೊಬ್ಬರು ಬಚ್ಚಲಿಗೆ ನಡೆಯಲೂ ನರಳುತ್ತಾರೆ. ಈ ಗ್ರೇಡುಗಳು ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ಇಬ್ಬರು 1957ರಲ್ಲಿ ಮಾಡಿಕೊಟ್ಟ, 0ಯಿಂದ 4ರವರೆಗಿನ ಅಳತೆ. ಮೂಳೆಗಳ ನಡುವಿನ ಸಂದು ಎಷ್ಟು ಕಿರಿದಾಗಿದೆ, ಅಂಚಿನಲ್ಲಿ ಎಷ್ಟು ಮುಳ್ಳು ಎದ್ದಿದೆ ಎಂದಷ್ಟೇ ಅದು ಹೇಳುತ್ತದೆ. ನಿಮಗೆ ಎಷ್ಟು ನೋವಿದೆ ಎಂದು ಹೇಳುವುದಿಲ್ಲ. ಮೃದ್ವಸ್ಥಿ ಒಂದು ಕೂದಲೆಳೆಯಷ್ಟೂ ಬೆಳೆಯದೆ ಒಳಪೊರೆಯ ಉರಿ ತಣಿದರೂ ನೋವು ಇಳಿಯುತ್ತದೆ. ನಿಮ್ಮ ನಾದಿನಿ ಆರಾಮಾಗಿರುವುದು ಸುಳ್ಳಲ್ಲ, ಅವರ ಮಂಡಿ ‘ಬೆಳೆದಿದೆ’ ಎಂಬುದಕ್ಕೆ ಅದು ಸಾಕ್ಷಿಯೂ ಅಲ್ಲ.

ಕೊಬ್ಬಿನ ವಿಷಯಕ್ಕೆ ಬರೋಣ. ಮೊದಲು ಸ್ಟೆಮ್ ಸೆಲ್‌ಗಳನ್ನು ಹುಡುಕುತ್ತಿದ್ದದ್ದು ಮೂಳೆಯೊಳಗಿನ ಅಸ್ಥಿಮಜ್ಜೆಯಲ್ಲಿ. ಸೊಂಟದ ಮೂಳೆಗೆ ದಪ್ಪ ಸೂಜಿ ಚುಚ್ಚಿ ಮಜ್ಜೆ ಎಳೆದರೂ ಅದರಲ್ಲಿ ಬೇಕಾದ ಕೋಶ ತೀರಾ ಕಡಿಮೆ, ಹತ್ತು ಸಾವಿರಕ್ಕೆ ಒಂದು, ಕೆಲವೊಮ್ಮೆ ಅದಕ್ಕೂ ಅಪರೂಪ. 2001ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪೆಟ್ರೀಶಿಯಾ ಜುಕ್ ಮತ್ತು ಸಂಗಡಿಗರು, ಲೈಪೋಸಕ್ಷನ್ನಿನಲ್ಲಿ ಹೀರಿ ತೆಗೆದ ಕೊಬ್ಬಿನಲ್ಲೂ ಇಂಥ ಕೋಶಗಳಿವೆ ಎಂದು ತೋರಿಸಿದರು. ಅಷ್ಟೇ ತೂಕದ ಮಜ್ಜೆಗಿಂತ ಕೊಬ್ಬಿನಲ್ಲಿ ಅವು ಹಲವು ಪಟ್ಟು ಹೆಚ್ಚು, ತೆಗೆಯುವುದೂ ಸುಲಭ. ಗಾಜಿನ ತಟ್ಟೆಯಲ್ಲಿ ತಕ್ಕ ರಾಸಾಯನಿಕ ಕೊಟ್ಟು ಬೆಳೆಸಿದರೆ ಅವು ಮೂಳೆಯ ಕೋಶವೂ ಆಗುತ್ತವೆ, ಕೊಬ್ಬಿನ ಕೋಶವೂ ಆಗುತ್ತವೆ, ಮೃದ್ವಸ್ಥಿಯ ಕೋಶವೂ ಆಗುತ್ತವೆ. ಇಷ್ಟು ನಿಜ. ಶಿಬಿರದವರು ತೋರಿಸುವ ಬಣ್ಣದ ಚಿತ್ರ ಈ ಗಾಜಿನ ತಟ್ಟೆಯ ಕಥೆಯನ್ನು ನೇರವಾಗಿ ನಿಮ್ಮ ಮಂಡಿಗೆ ತಂದು ಅಂಟಿಸುತ್ತದೆ.

ಮಂಡಿಯಲ್ಲಿ ನಡೆಯುವುದು ಬೇರೆ. ಚುಚ್ಚಿದ ಕೋಶಗಳಲ್ಲಿ ಬಹುಪಾಲು ಕೆಲವು ವಾರಗಳೊಳಗೆ ಕಾಣೆಯಾಗುತ್ತವೆ ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಇದ್ದಷ್ಟು ದಿನ ಅವು ಸುತ್ತಲಿನ ಕೋಶಗಳಿಗೆ ರಾಸಾಯನಿಕ ಸಂದೇಶಗಳನ್ನು ಬಿಡುತ್ತವೆ. ಒಳಪೊರೆಯಲ್ಲಿ ಉರಿಯೂತ ಎಬ್ಬಿಸುತ್ತಿರುವ ರಕ್ಷಣಾಕೋಶಗಳನ್ನು ಸುಮ್ಮನಾಗಿಸುತ್ತವೆ. ತೋಟಕ್ಕೆ ಬಂದ ಮೇಸ್ತ್ರಿ ತಾನು ಗುಂಡಿ ತೋಡದೆ ಹತ್ತು ಜನರಿಗೆ ಹೇಳಿ ಹೋಗುವಂಥ ಕೆಲಸ ಅದು. ಈ ಕೋಶಗಳಿಗೆ 1991ರಲ್ಲಿ ‘ಮೆಸೆಂಕೈಮಲ್ ಸ್ಟೆಮ್ ಸೆಲ್’ ಎಂಬ ಹೆಸರನ್ನು ಜನಪ್ರಿಯಗೊಳಿಸಿದ ಅಮೆರಿಕದ ಆರ್ನಲ್ಡ್ ಕ್ಯಾಪ್ಲನ್ ಅವರೇ 2017ರಲ್ಲಿ, ದೇಹದೊಳಗೆ ಇವು ಅಂಗಾಂಶವಾಗಿ ಬೆಳೆಯುವುದಿಲ್ಲ, ಔಷಧದಂಥ ಅಂಶಗಳನ್ನು ಸ್ರವಿಸುತ್ತವೆ ಎಂದು ಸ್ಪಷ್ಟವಾಗಿ ಬರೆದರು. ಆ ವಿದ್ಯೆಯ ಹಿರಿಯರೇ ಹೀಗೆ ಬರೆದು ಇಷ್ಟು ವರ್ಷವಾದರೂ ನಮ್ಮ ಕಲ್ಯಾಣಮಂಟಪಗಳಿಗೆ ಸುದ್ದಿ ತಲುಪಿಲ್ಲ.

‘ಕೊಬ್ಬಿನ ಸ್ಟೆಮ್ ಸೆಲ್’ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಸರಕು ಓಡಾಡುತ್ತಿವೆ. ನಿಮಗೆ ಕೊಡಲು ಹೊರಟಿರುವುದು ಯಾವುದು ಎಂದು ಕೇಳಿದ್ದೀರಾ? ಒಂದು, ಹೀರಿದ ಕೊಬ್ಬನ್ನು ತೊಳೆದು, ಯಂತ್ರದಲ್ಲಿ ಸಣ್ಣಸಣ್ಣ ಚೂರು ಮಾಡಿ ಹಾಗೆಯೇ ಚುಚ್ಚುವುದು. ಇದರಲ್ಲಿ ಕೋಶ ಎಷ್ಟು ಎಂದು ಎಣಿಸುವವರು ಕಡಿಮೆ. ಎರಡನೆಯದು, ಕೊಬ್ಬಿಗೆ ಕೊಲ್ಯಾಜನೇಸ್ ಎಂಬ ಕಿಣ್ವ ಹಾಕಿ ಕರಗಿಸಿ, ಗಿರ್ರನೆ ತಿರುಗಿಸಿ ಅಡಿಯಲ್ಲಿ ಕೂರುವ ಗಷ್ಟನ್ನು ಅದೇ ದಿನ ಚುಚ್ಚುವುದು. ಎಸ್‌ವಿಎಫ್ ಎನ್ನುವುದು ಇದಕ್ಕೇ. ಇದರಲ್ಲಿ ಸ್ಟೆಮ್ ಸೆಲ್ ಒಂದು ಸಣ್ಣ ಪಾಲು. ಉಳಿದದ್ದು ರಕ್ತನಾಳದ ಕೋಶ, ರಕ್ಷಣಾಕೋಶ, ಕೆಂಪು ರಕ್ತಕಣಗಳ ಬೆರಕೆ. ಬೆಳಿಗ್ಗೆ ಹೋಗಿ ಸಂಜೆ ಬರುವ ಪ್ಯಾಕೇಜುಗಳು ಸಾಮಾನ್ಯವಾಗಿ ಈ ಎರಡರಲ್ಲಿ ಒಂದು. ಮೂರನೆಯದು ನಿಜವಾದ ಕೃಷಿ: ಕೋಶಗಳನ್ನು ಬೇರ್ಪಡಿಸಿ, ಔಷಧ ತಯಾರಿಸುವ ಮಟ್ಟದ ಶುದ್ಧ ಪ್ರಯೋಗಾಲಯದಲ್ಲಿ ವಾರಗಟ್ಟಲೆ ಬೆಳೆಸಿ, ಎಣಿಸಿ, ಸೋಂಕಿಲ್ಲವೆಂದು ಪರೀಕ್ಷಿಸಿ ಚುಚ್ಚುವುದು. ಒಳ್ಳೆಯ ಫಲಿತಾಂಶ ಬಂದಿದೆ ಎಂದು ಪತ್ರಿಕೆಗಳಲ್ಲಿ ನೀವು ಓದುವ ಸುದ್ದಿ ಬಹುಮಟ್ಟಿಗೆ ಈ ಮೂರನೆಯದರದ್ದು. ಆ ಸುದ್ದಿಯ ಕತ್ತರಿಕೆ ತೋರಿಸಿ ಮಾರುವುದು ಮೊದಲೆರಡನ್ನು. ನನಗೆ ನಿಜಕ್ಕೂ ಸಿಟ್ಟು ಬರುವುದು ಇಲ್ಲಿ.

ಆ ಫಲಿತಾಂಶಗಳೇನು ಎಂದು ನೋಡಿ. ಆಸೆ ಹುಟ್ಟಿಸಿದ್ದು ದಕ್ಷಿಣ ಕೊರಿಯಾದವರು. 2014ರಲ್ಲಿ ಅಲ್ಲಿನ ವೈದ್ಯರು 18 ಜನರಿಗೆ ಅವರದೇ ಕೊಬ್ಬಿನಿಂದ ಬೆಳೆಸಿದ ಕೋಶಗಳನ್ನು ಮೂರು ಪ್ರಮಾಣಗಳಲ್ಲಿ ಕೊಟ್ಟರು. ಅತಿ ಹೆಚ್ಚು ಪ್ರಮಾಣ, ಅಂದರೆ ಹತ್ತು ಕೋಟಿ ಕೋಶ ಪಡೆದವರಲ್ಲಿ ನೋವು ಇಳಿಯಿತು; ಕ್ಯಾಮೆರಾ ಹಾಕಿ ನೋಡಿದಾಗ ಮೃದ್ವಸ್ಥಿಯ ಗಾಯದ ಜಾಗವೂ ಚಿಕ್ಕದಾಗಿತ್ತು. ಆದರೆ 18 ಜನ, ಅದರಲ್ಲೂ ಹೋಲಿಸಲು ಸುಳ್ಳು ಇಂಜೆಕ್ಷನ್ ಪಡೆದ ಗುಂಪೇ ಇಲ್ಲ. ಮುಂದೆ ಅಲ್ಲಿಯೇ ನಿಮ್ಮ ಹಾಗೆ ಗ್ರೇಡ್ 3 ಇದ್ದ 261 ಜನರ ಮೇಲೆ ದೊಡ್ಡ ಪ್ರಯೋಗ ನಡೆದು 2023ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ ಕೋಶ, ಇನ್ನರ್ಧಕ್ಕೆ ಬರಿ ದ್ರಾವಣ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಅಳೆಯುವವರಿಗೂ ಗೊತ್ತಿಲ್ಲ. ಆರು ತಿಂಗಳಿಗೆ ಕೋಶ ಪಡೆದವರ ನೋವು, ಓಡಾಟ ಎರಡೂ ಇನ್ನೊಂದು ಗುಂಪಿಗಿಂತ ಸುಧಾರಿಸಿತ್ತು. ಎಂಆರ್‌ಐಯಲ್ಲಿ ಮೃದ್ವಸ್ಥಿಯನ್ನು ನೋಡಿದರೆ ಎರಡೂ ಗುಂಪಿನ ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಅದೇ ವರ್ಷ ಕೊರಿಯಾದ ಔಷಧ ನಿಯಂತ್ರಕರು ಆ ಚಿಕಿತ್ಸೆಗೆ ಮಾರಾಟದ ಅನುಮತಿ ಕೊಡಲು ಒಪ್ಪಲಿಲ್ಲ. ಸಿಕ್ಕ ಸುಧಾರಣೆ ರೋಗಿಗೆ ಸಾಕಷ್ಟು ಅರ್ಥಪೂರ್ಣ ಎಂದು ಅವರಿಗೆ ಅನ್ನಿಸಲಿಲ್ಲ.

ಇದಕ್ಕೆ ಎದುರಾಗಿ ಅಮೆರಿಕದ ಪ್ರಯೋಗವೊಂದನ್ನು ಇಡಬೇಕು. 40ರಿಂದ 70 ವರ್ಷದ 475 ಜನ, ನಾಲ್ಕು ಗುಂಪು. ಒಂದಕ್ಕೆ ಅವರದೇ ಮಜ್ಜೆಯ ಸಾರ, ಒಂದಕ್ಕೆ ಅವರದೇ ಕೊಬ್ಬಿನ ಎಸ್‌ವಿಎಫ್, ಒಂದಕ್ಕೆ ಹೊಕ್ಕುಳಬಳ್ಳಿಯ ಕೋಶ, ನಾಲ್ಕನೆಯದಕ್ಕೆ ಎಲ್ಲ ಮೂಳೆ ವೈದ್ಯರ ಬಳಿಯೂ ಇರುವ ಅಗ್ಗದ ಸ್ಟೀರಾಯ್ಡ್ ಇಂಜೆಕ್ಷನ್. 2023ರಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಫಲಿತಾಂಶ ಬಂತು: ವರ್ಷದ ಕೊನೆಗೆ ನೋವಿನ ಲೆಕ್ಕದಲ್ಲಿ ಕೋಶಗಳ ಮೂರೂ ಗುಂಪು ಸ್ಟೀರಾಯ್ಡಿಗಿಂತ ಮೇಲಿರಲಿಲ್ಲ. ಎಂಆರ್‌ಐಯಲ್ಲೂ ಅಷ್ಟೆ. ಎಲ್ಲ ಗುಂಪುಗಳಲ್ಲೂ ಜನಕ್ಕೆ ಒಂದಿಷ್ಟು ಆರಾಮವಾಗಿತ್ತು ಎಂಬುದು ನಿಜ. ಲಕ್ಷಗಟ್ಟಲೆ ಕೊಟ್ಟು ಪಡೆಯುವ ಆರಾಮವನ್ನು ಕೆಲವು ನೂರು ರೂಪಾಯಿಯ ಔಷಧವೂ ಕೊಡುತ್ತದೆ ಎಂದಾದರೆ ನಾಲ್ಕು ಎಕರೆಯ ಬೆಳೆಗಾರರು ಯಾವುದನ್ನು ಆರಿಸಬೇಕು?

ಕೊರಿಯಾದಲ್ಲಿ ಗೆದ್ದದ್ದು ಅಮೆರಿಕದಲ್ಲಿ ಯಾಕೆ ಸೋತಿತು ಎಂದು ನೀವು ಕೇಳಬಹುದು. ಕೊರಿಯಾದಲ್ಲಿ ಎದುರಾಳಿ ಬರಿ ದ್ರಾವಣ, ಅಮೆರಿಕದಲ್ಲಿ ಕೆಲಸ ಮಾಡುವ ಔಷಧ. ಕೊರಿಯಾದಲ್ಲಿ ಬೆಳೆಸಿ ಎಣಿಸಿದ ಕೋಶ, ಅಮೆರಿಕದಲ್ಲಿ ಕೊಬ್ಬಿನ ಗುಂಪಿಗೆ ಕೊಟ್ಟದ್ದು ಬೆರಕೆ. ಕೊರಿಯಾದಲ್ಲಿ ಆರು ತಿಂಗಳು, ಅಮೆರಿಕದಲ್ಲಿ ಒಂದು ವರ್ಷ. ಎಲ್ಲ ಪ್ರಯೋಗಗಳನ್ನೂ ಒಟ್ಟಿಗಿಟ್ಟು ತೂಗುವ ಕೊಕ್ರೇನ್ ಸಂಸ್ಥೆ 2025ರಲ್ಲಿ ಮಂಡಿಯ ಸ್ಟೆಮ್ ಸೆಲ್ ಪ್ರಯೋಗಗಳನ್ನು ಪರಿಶೀಲಿಸಿ ಬಂದ ತೀರ್ಮಾನ: ನೋವು, ಓಡಾಟ ಎರಡರಲ್ಲೂ ಸ್ವಲ್ಪ ಸುಧಾರಣೆ ಇರಬಹುದು, ಅದಕ್ಕಿರುವ ಪುರಾವೆ ಗಟ್ಟಿಯಲ್ಲ. ಅಮೆರಿಕದ ಸಂಧಿವಾತ ತಜ್ಞರ ಸಂಘ 2019ರ ಮಾರ್ಗದರ್ಶಿಯಲ್ಲಿ ಇನ್ನೂ ಕಡಕ್ಕಾಗಿ, ಮಂಡಿ ಸವೆತಕ್ಕೆ ಸ್ಟೆಮ್ ಸೆಲ್ ಇಂಜೆಕ್ಷನ್ ಬೇಡ ಎಂದೇ ಹೇಳಿದೆ. ಯಾರು ಏನು ತಯಾರಿಸಿ ಚುಚ್ಚುತ್ತಾರೆ ಎಂಬುದಕ್ಕೆ ಒಂದು ಮಟ್ಟವೇ ಇಲ್ಲ ಎಂಬುದು ಅವರ ಮುಖ್ಯ ತಕರಾರು.

ನಿಮ್ಮ ನಾದಿನಿಯ ಬಗ್ಗೆ ಇನ್ನೊಂದು ಮಾತು. ಮಂಡಿನೋವು ಏಕಸಮ ಇರುವುದಿಲ್ಲ, ಏರುತ್ತದೆ, ಇಳಿಯುತ್ತದೆ. ಜನ ಇಂಜೆಕ್ಷನ್ನಿಗೆ ಹೋಗುವುದು ಅದು ಉತ್ತುಂಗಕ್ಕೇರಿದಾಗ. ಆಮೇಲೆ ಏನೂ ಮಾಡದಿದ್ದರೂ ಒಂದಿಷ್ಟು ಇಳಿಯುವುದು ಸಹಜ. ಮೇಲಾಗಿ ಮಂಡಿಗೆ ಬರಿ ಉಪ್ಪುನೀರು ಚುಚ್ಚಿದರೂ ಹಲವರಿಗೆ ತಿಂಗಳುಗಟ್ಟಲೆ ಆರಾಮವಾಗುತ್ತದೆ, ಇದನ್ನು ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡಿದ್ದಾರೆ. ದುಬಾರಿ ಚಿಕಿತ್ಸೆ, ದೂರದ ನಗರ, ಹೊಟ್ಟೆಯ ಮೇಲೊಂದು ಪಟ್ಟಿ, ಒಂದು ತಿಂಗಳ ವಿಶ್ರಾಂತಿ ಇಷ್ಟೂ ಸೇರಿದರೆ ಆ ಪರಿಣಾಮ ಇನ್ನೂ ಹೆಚ್ಚು. ಅವರು ಆ ಸಮಯದಲ್ಲಿ ತೋಟಕ್ಕೆ ಇಳಿದರೇ, ತೂಕ ಇಳಿಸಿದರೇ, ವ್ಯಾಯಾಮ ಮಾಡಿದರೇ ಎಂದೂ ಕೇಳಿ ನೋಡಿ. ಅವರ ಸಂತೋಷಕ್ಕೆ ಕಲ್ಲು ಹಾಕುವುದು ನನಗೆ ಬೇಡ. ಅವರ ಆರಾಮ ನಿಮ್ಮ ಮಂಡಿಗೆ ಗ್ಯಾರಂಟಿ ಪತ್ರವಾಗಬಾರದು, ಅಷ್ಟೆ.

ಕಾನೂನಿನ ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಸೇರಿ 2017ರಲ್ಲಿ ಹೊರಡಿಸಿದ ರಾಷ್ಟ್ರೀಯ ಮಾರ್ಗಸೂಚಿ ಬಹಳ ನೇರವಾಗಿದೆ. ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಮಜ್ಜೆ ಕಸಿಯಂಥ ಚಿಕಿತ್ಸೆ ಬಿಟ್ಟರೆ ಬೇರೆ ಯಾವ ಸ್ಟೆಮ್ ಸೆಲ್ ಬಳಕೆಯೂ ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನ (ರೋಗಿಗಳ ಮೇಲೆ ನಡೆಸುವ ಪ್ರಯೋಗದ) ಒಳಗೇ ನಡೆಯಬೇಕು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಸ್ಟೆಮ್ ಸೆಲ್ ಉತ್ಪನ್ನವನ್ನು ‘ಹೊಸ ಔಷಧ’ ಎಂದೇ ನೋಡುತ್ತವೆ. ಟ್ರಯಲ್ ಎಂದಮೇಲೆ ಸಿಟಿಆರ್‌ಐ ಎಂಬ ಸಾರ್ವಜನಿಕ ನೋಂದಣಿಯಲ್ಲಿ ಅದಕ್ಕೊಂದು ಸಂಖ್ಯೆ ಇರುತ್ತದೆ, ನೀತಿ ಸಮಿತಿಯ ಒಪ್ಪಿಗೆ ಇರುತ್ತದೆ, ತೊಂದರೆಯಾದರೆ ಚಿಕಿತ್ಸೆಯ ಹೊಣೆ ನಡೆಸುವವರದು. ನಿಮ್ಮ ಕೈಯಿಂದ ಪ್ಯಾಕೇಜ್ ಎಂದು ಮೂರು ಲಕ್ಷ ಕೇಳುತ್ತಿದ್ದಾರೆ ಎಂದರೆ ಅದು ಟ್ರಯಲ್ ಅಲ್ಲ. ಮಗನಿಗೆ ಹೇಳಿ ಆ ಸಂಖ್ಯೆಯನ್ನು ಅವರ ಹತ್ತಿರ ಕೇಳಿಸಿ. ಮೊಬೈಲಿನಲ್ಲೇ ಹುಡುಕಿ ನೋಡಬಹುದು. ಸಂಖ್ಯೆ ಬದಲು ಇನ್ನೊಬ್ಬ ರೋಗಿಯ ವಿಡಿಯೊ ಕಳಿಸಿದರೆ ಅದೇ ಉತ್ತರ ಅಂದುಕೊಳ್ಳಿ.

ಇಲ್ಲಿ ಒಂದು ಗೊಂದಲ ತೆಗೆಯಬೇಕು, ಯಾಕೆಂದರೆ ಮಾರುವವರು ಇದನ್ನೇ ಮುಂದೆ ಮಾಡುತ್ತಾರೆ. ‘ನಮ್ಮ ಬೆಂಗಳೂರಿನದೇ ಸ್ಟೆಮ್ ಸೆಲ್‌ಗೆ ಸರ್ಕಾರ ಒಪ್ಪಿಗೆ ಕೊಟ್ಟಿದೆಯಲ್ಲ’ ಎನ್ನುತ್ತಾರೆ. ಕೊಟ್ಟಿರುವುದು ನಿಜ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿಯ ಸ್ಟೆಂಪ್ಯೂಸೆಲ್ ಎಂಬ ಉತ್ಪನ್ನಕ್ಕೆ ಗ್ರೇಡ್ 2 ಮತ್ತು 3ರ ಮಂಡಿ ಸವೆತಕ್ಕಾಗಿ 2022ರಲ್ಲಿ ಔಷಧ ನಿಯಂತ್ರಕರ ಅನುಮತಿ ಸಿಕ್ಕಿತು. ಆದರೆ ಅದು ಕೊಬ್ಬಿನದಲ್ಲ. ಆರೋಗ್ಯವಂತ ದಾನಿಗಳ ಮಜ್ಜೆಯಿಂದ ತೆಗೆದು, ಕಾರ್ಖಾನೆಯಲ್ಲಿ ಬೆಳೆಸಿ, ಎಣಿಸಿ, ಹೆಪ್ಪುಗಟ್ಟಿಸಿಟ್ಟ ಕೋಶ. ಒಂದು ಮಂಡಿಗೆ ಎರಡೂವರೆ ಕೋಟಿ. 146 ಜನರ ಮೇಲೆ ನಡೆದ ಅವರ ಮೂರನೇ ಹಂತದ ಪ್ರಯೋಗದಲ್ಲಿ ಕೋಶದ ಗುಂಪಿಗೆ ವರ್ಷದವರೆಗೂ ನೋವು, ಓಡಾಟ ಹೆಚ್ಚು ಸುಧಾರಿಸಿತು. ಮೃದ್ವಸ್ಥಿಯ ಗುಣಮಟ್ಟ ಆ ಗುಂಪಿನಲ್ಲಿ ಕೆಡದೆ ನಿಂತಿತು ಎಂದು ಎಂಆರ್‌ಐ ಆಧಾರದಲ್ಲಿ ಬರೆದಿದ್ದಾರೆ. ಅಲ್ಲಿಯೂ ಗಾತ್ರ ಬೆಳೆಯಿತು ಎಂದಿಲ್ಲ. ತಯಾರಕರದೇ ಪ್ರಯೋಗ ಎಂಬುದನ್ನು ನೆನಪಿಟ್ಟುಕೊಂಡು ಓದಬೇಕು, ಸಂಬಂಧವಿಲ್ಲದ ಬೇರೆಯವರು ಮಾಡಿ ನೋಡಿದರೆ ನನಗೆ ಇನ್ನಷ್ಟು ಧೈರ್ಯ ಬಂದೀತು. ಆದರೂ ಅನುಮತಿ ಪಡೆದ, ಎಣಿಸಿದ, ಪರೀಕ್ಷಿಸಿದ ಔಷಧಕ್ಕೂ, ಲೈಪೋಸಕ್ಷನ್ ಕೋಣೆಯ ಪಕ್ಕದಲ್ಲಿ ಕಲಕಿ ಕೊಡುವ ಗಷ್ಟಿಗೂ ಹೆಸರೊಂದೇ ಸಮಾನ. ಯಾರಾದರೂ ಹಟ ಹಿಡಿದು ಸ್ಟೆಮ್ ಸೆಲ್ಲೇ ಬೇಕು ಎಂದರೆ, ಎಲ್ಲ ತಿಳಿಸಿ, ಅನುಮತಿ ಇರುವುದನ್ನು ಮಾತ್ರ ಯೋಚಿಸಿ ಎನ್ನುತ್ತೇನೆ.

ಅಪಾಯ ಎಷ್ಟು? ಸರಿಯಾದ ಪ್ರಯೋಗಗಳಲ್ಲಿ ದೊಡ್ಡ ಅನಾಹುತ ಕಡಿಮೆ. ಕೆಲವು ದಿನ ಊತ, ನೋವು, ಕೊಬ್ಬು ತೆಗೆದ ಕಡೆ ಕಪ್ಪುಗಟ್ಟುವುದು. ಕೀಲಿನೊಳಗೆ ಸೋಂಕಾದರೆ ಮಾತ್ರ ಮಂಡಿಯೇ ಹಾಳು. ಸ್ವಂತ ಕೊಬ್ಬಲ್ಲವೇ, ಏನಾದೀತು ಎನ್ನುವವರಿಗೆ ಫ್ಲೋರಿಡಾದ ಘಟನೆ ಹೇಳುತ್ತೇನೆ. ಅಲ್ಲಿನ ಒಂದು ಕ್ಲಿನಿಕ್ಕಿನಲ್ಲಿ ಮೂವರು ಹೆಂಗಸರ ಸ್ವಂತ ಕೊಬ್ಬಿನ ಕೋಶಗಳನ್ನು ಅವರ ಎರಡೂ ಕಣ್ಣಿಗೆ ಚುಚ್ಚಿದರು. ಮೂವರ ದೃಷ್ಟಿಯೂ ತೀವ್ರವಾಗಿ ಹೋಯಿತು. 2017ರಲ್ಲಿ ನ್ಯೂ ಇಂಗ್ಲೆಂಡ್ ವೈದ್ಯಪತ್ರಿಕೆಯಲ್ಲಿ ಅದು ಬಂತು. ಕಣ್ಣು ಬೇರೆ, ಮಂಡಿ ಬೇರೆ, ಒಪ್ಪುತ್ತೇನೆ. ‘ಸ್ವಂತದ್ದು’ ಎಂಬುದು ಸುರಕ್ಷತೆಯ ಮುದ್ರೆಯಲ್ಲ ಎಂಬುದಕ್ಕೆ ಅದು ಸಾಕು.

ಹಾಗಾದರೆ ನಿಮ್ಮ ಮಂಡಿಗೆ ಏನು ಮಾಡುವುದು? ನೀವೇ ಒಂದು ಒಳ್ಳೆಯ ಸುಳಿವು ಕೊಟ್ಟಿದ್ದೀರಿ: ಇಳಿಯುವಾಗ ನೋವು. ಬರ್ಲಿನ್ನಿನ ಸಂಶೋಧಕರು ಕೃತಕ ಮಂಡಿಯೊಳಗೇ ಅಳೆಯುವ ಸಾಧನ ಇಟ್ಟು 2010ರಲ್ಲಿ ಲೆಕ್ಕ ಕೊಟ್ಟಿದ್ದಾರೆ. ಸಮತಟ್ಟಿನಲ್ಲಿ ನಡೆದರೆ ಮಂಡಿಯ ಮೇಲೆ ದೇಹದ ತೂಕದ ಸುಮಾರು ಎರಡೂವರೆ ಪಟ್ಟು ಭಾರ, ಮೆಟ್ಟಿಲು ಹತ್ತಿದರೆ ಮೂರು ಪಟ್ಟು, ಇಳಿದರೆ ಸುಮಾರು ಮೂರೂವರೆ ಪಟ್ಟು. ನಿಮ್ಮ 78 ಕೆಜಿಗೆ ಪ್ರತಿ ಇಳಿಹೆಜ್ಜೆಯಲ್ಲೂ ಇನ್ನೂರೈವತ್ತು ಕೆಜಿ ದಾಟಿತು. ತಲೆಯ ಮೇಲೆ ಹಣ್ಣಿನ ಮೂಟೆ ಇದ್ದರೆ ಅದಕ್ಕೂ ಈ ಗುಣಾಕಾರ ಸೇರಿಸಿಕೊಳ್ಳಿ. ಇಳಿಯುವಾಗ ದೇಹವನ್ನು ತಡೆದು ಹಿಡಿಯುವುದು ತೊಡೆಯ ಮುಂಭಾಗದ ಸ್ನಾಯು. ಅದು ಸೊರಗಿದರೆ ಭಾರವೆಲ್ಲ ಕೀಲಿಗೇ ಬೀಳುತ್ತದೆ. ತೋಟದಲ್ಲಿ ದಿನವಿಡೀ ಓಡಾಡುವವರಿಗೂ ಈ ಸ್ನಾಯು ಸೊರಗಿರುತ್ತದೆ. ನೋವಿಗೆ ಹೆದರಿ ಅದನ್ನು ಬಳಸದೆ, ಕಾಲು ಎಳೆದುಕೊಂಡು ನಡೆಯುವುದು ರೂಢಿಯಾಗಿರುತ್ತದಲ್ಲ. ‘ದಿನಾ ಇಷ್ಟು ನಡೀತೀನಲ್ಲ, ಮತ್ತೆ ಯಾಕೆ ವ್ಯಾಯಾಮ’ ಎಂದು ನೀವು ಕೇಳುವ ಮೊದಲೇ ಹೇಳಿಟ್ಟೆ.

ಗಟ್ಟಿ ಕುರ್ಚಿಯ ಮೇಲೆ ಕೂತು, ಕೈ ಊರದೆ ನಿಧಾನಕ್ಕೆ ಏಳಿ, ಇನ್ನೂ ನಿಧಾನಕ್ಕೆ ಕೂರಿ. ಹತ್ತು ಸಲ, ಸುಧಾರಿಸಿಕೊಂಡು ಮತ್ತೆ ಹತ್ತು. ಮೊದಲಿಗೆ ಕುರ್ಚಿ ಎತ್ತರ ಬೇಕಾದರೆ ದಿಂಬು ಇಟ್ಟುಕೊಳ್ಳಿ. ಮಲಗಿಕೊಂಡು ಮಂಡಿ ಬಗ್ಗಿಸದೆ ಕಾಲನ್ನು ಒಂದು ಗೇಣು ಎತ್ತಿ ಐದು ಎಣಿಸುವವರೆಗೆ ಹಿಡಿಯಿರಿ. ಮಾಡುವಾಗ ಸ್ವಲ್ಪ ನೋವಾದರೆ ಸವೆತ ಹೆಚ್ಚಾಯಿತು ಎಂದಲ್ಲ. ಮರುದಿನ ಬೆಳಿಗ್ಗೆಗೆ ಊದಿಕೊಂಡರೆ ಮಾತ್ರ ಕಡಿಮೆ ಮಾಡಿ. ಒಮ್ಮೆ ಫಿಸಿಯೋಥೆರಪಿಸ್ಟ್ ಮುಂದೆ ಮಾಡಿ ತೋರಿಸಿ ತಿದ್ದಿಸಿಕೊಂಡರೆ ಒಳ್ಳೆಯದು. ಫಲ ಕಾಣಲು ಎರಡು ಮೂರು ತಿಂಗಳು ಬೇಕು. ಜನ ಬಿಟ್ಟುಬಿಡುವುದು ಮೂರನೇ ವಾರದಲ್ಲಿ.

ತೂಕ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ನಾಲ್ಕು ಕಿಲೋದಷ್ಟು ಭಾರ ಇಳಿಯುತ್ತದೆ ಎಂದು 2005ರಲ್ಲೇ ಅಳೆದಿದ್ದಾರೆ. ಮುಂದೆ 2013ರಲ್ಲಿ 454 ಜನರ ಮೇಲೆ ನಡೆದ ಪ್ರಯೋಗದಲ್ಲಿ ಊಟದ ಹತೋಟಿ, ವ್ಯಾಯಾಮ ಎರಡನ್ನೂ ಮಾಡಿ ತೂಕದ ಹತ್ತರಲ್ಲೊಂದು ಪಾಲು ಇಳಿಸಿದವರಿಗೆ ಒಂದೂವರೆ ವರ್ಷದ ಕೊನೆಯಲ್ಲಿ ಎಲ್ಲರಿಗಿಂತ ಹೆಚ್ಚು ಆರಾಮ ಸಿಕ್ಕಿತ್ತು. ನಿಮಗೆ ಅದು ಏಳೆಂಟು ಕಿಲೋ. ಪಂದಿ ಕರಿ, ಕಡಂಬುಟ್ಟು ಬಿಡಿ ಎಂದು ಕೊಡಗಿನಲ್ಲಿ ಕೂತು ಬರೆಯುವ ಧೈರ್ಯ ನನಗಿಲ್ಲ. ಮದುವೆ ಸೀಸನ್ನಿನಲ್ಲಿ ಎರಡನೇ ಸಲ ಬಡಿಸಿಕೊಳ್ಳಬೇಡಿ ಎಂದು ಬರೆಯಬಲ್ಲೆ. ಹೊಟ್ಟೆಯ ಕೊಬ್ಬನ್ನು ತೆಗೆದು ಮಂಡಿಗೆ ಚುಚ್ಚುವುದಕ್ಕಿಂತ ಅಲ್ಲಿಂದ ತೆಗೆದು ಎಲ್ಲಿಗೂ ಹಾಕದಿರುವುದರಿಂದ ಮಂಡಿಗೆ ಲಾಭ ಹೆಚ್ಚು ಎಂಬುದಕ್ಕೆ ನನ್ನ ಹತ್ತಿರ ಗಟ್ಟಿ ಪುರಾವೆ ಇದೆ.

ತೋಟದ ಕೆಲಸದಲ್ಲಿ ಬದಲಾಯಿಸಬೇಕಾದ್ದು ಕುಕ್ಕರುಗಾಲು. ಕಾಯಿಕೊರಕದ ಕಾಟಕ್ಕೆ ಉದುರು ಹೆಕ್ಕದೆ ಬಿಡುವಂತಿಲ್ಲ ಎಂದು ನನಗೂ ಗೊತ್ತು. ಕೊಯ್ಯುವಾಗಲೇ ಬುಡಕ್ಕೆ ಟಾರ್ಪಾಲು ಹಾಸಿ, ಉದುರುವುದನ್ನೇ ಕಡಿಮೆ ಮಾಡಿ. ಹೆಕ್ಕಲು ಗೇಣುದ್ದದ ಸ್ಟೂಲು ಒಯ್ಯಿರಿ, ಅಥವಾ ಆ ಕೆಲಸವನ್ನು ಮಗನಿಗೆ ಬಿಟ್ಟು ನೀವು ಗಿಡದ ಮೇಲಿನ ಹಣ್ಣಿಗೆ ನಿಲ್ಲಿ. ಇಳಿಜಾರಿಗೆ ಎರಡು ಕೋಲು ಹಿಡಿಯಿರಿ. ಪುಷ್ಪಗಿರಿ ಹತ್ತಲು ಬರುವ ಬೆಂಗಳೂರಿನ ಹುಡುಗರು ಎರಡೂ ಕೈಯಲ್ಲಿ ಕೋಲು ಹಿಡಿದು ಇಳಿಯುತ್ತಾರೆ, ಯಾರಿಗೂ ನಾಚಿಕೆಯಿಲ್ಲ. ಹಾಗೆ ಇಳಿದರೆ ಮಂಡಿಯ ಮೇಲಿನ ಭಾರ ಕಡಿಮೆಯಾಗುತ್ತದೆ ಎಂದು ಅಳೆದೂ ನೋಡಿದ್ದಾರೆ. ನಮ್ಮವರಿಗೆ ಮಾತ್ರ ಕೋಲು ಹಿಡಿದರೆ ಮುಪ್ಪು ಬಂದಂತೆ.

ಔಷಧದ ಬಗ್ಗೆ ಎರಡೇ ಮಾತು. ಡೈಕ್ಲೋಫೆನಾಕ್ ಮುಲಾಮನ್ನು ದಿನಕ್ಕೆ ಮೂರು ನಾಲ್ಕು ಸಲ ಹಚ್ಚಿ, ಅದು ನಿಜಕ್ಕೂ ಕೆಲಸ ಮಾಡುತ್ತದೆ. ಅಂಗಡಿಯಿಂದ ನೋವಿನ ಗುಳಿಗೆ ತಂದು ದಿನಾ ನುಂಗಬೇಡಿ; ಅವು ಬಿಪಿ ಏರಿಸುತ್ತವೆ, ನಿಮ್ಮ ಬಿಪಿ ಮಾತ್ರೆಯ ಕೆಲಸ ಕೆಡಿಸುತ್ತವೆ, ಮೂತ್ರಪಿಂಡಕ್ಕೆ ಪೆಟ್ಟು. ಮಂಡಿ ತೀರಾ ಊದಿಕೊಂಡಾಗ ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಪಡೆಯಬಹುದು. ಮೂರು ತಿಂಗಳಿಗೊಮ್ಮೆ ಎರಡು ವರ್ಷ ಕೊಟ್ಟವರಲ್ಲಿ ಮೃದ್ವಸ್ಥಿ ಹೆಚ್ಚು ಸವೆದಿತ್ತು, ನೋವಿನಲ್ಲಿ ಲಾಭವೂ ಇರಲಿಲ್ಲ ಎಂದು 2017ರ ಅಧ್ಯಯನವೊಂದು ತೋರಿಸಿರುವುದರಿಂದ ಅದನ್ನು ವಾಡಿಕೆ ಮಾಡಿಕೊಳ್ಳಬೇಡಿ.

ಆಪರೇಷನ್ ಎಂಬ ಭೂತವನ್ನು ತೋರಿಸಿಯೇ ನಿಮಗೆ ಇದನ್ನು ಮಾರಲು ನೋಡಿದ್ದಾರೆ. ಮಂಡಿ ಬದಲಾವಣೆ ಅಷ್ಟು ಹೆದರುವಂಥದ್ದಲ್ಲ. ನೂರು ಪೂರ್ಣ ಕೃತಕ ಮಂಡಿಗಳಲ್ಲಿ ಸುಮಾರು 82 ಇಪ್ಪತ್ತೈದು ವರ್ಷ ಬಾಳುತ್ತವೆ ಎಂದು 2019ರಲ್ಲಿ ಹಲವು ದೇಶಗಳ ದಾಖಲೆ ಸೇರಿಸಿ ಲೆಕ್ಕ ಹಾಕಿದ್ದಾರೆ. 2017ರಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿದ ಮೇಲೆ ಖರ್ಚೂ ಮೊದಲಿನಷ್ಟಿಲ್ಲ. ಹಾಗೆಂದು ನಿಮಗೆ ಈಗಲೇ ಬೇಕು ಎನ್ನುತ್ತಿಲ್ಲ. 57ಕ್ಕೆ ಹಾಕಿಸಿಕೊಂಡರೆ ಮುಂದೆ ಇನ್ನೊಮ್ಮೆ ಬದಲಿಸುವ ಸಂಭವ, 70ಕ್ಕೆ ಹಾಕಿಸಿಕೊಂಡವರಿಗಿಂತ ಹೆಚ್ಚು. ಕಾಲು ಬಿಲ್ಲಿನಂತೆ ಹೊರಕ್ಕೆ ಬಾಗಿ ಒಳಬದಿ ಮಾತ್ರ ಸವೆದಿದ್ದರೆ, ಕಾಲುಮೂಳೆಯನ್ನು ಕತ್ತರಿಸಿ ನೇರ ಮಾಡುವ ಚಿಕ್ಕ ಆಪರೇಷನ್ನೂ ಇದೆ. ಹಾಕಿ ಆಡಿ ಹರೆಯದಲ್ಲೇ ಮಂಡಿ ಕೆಡಿಸಿಕೊಂಡ ನಮ್ಮ ಜಿಲ್ಲೆಯ ಎಷ್ಟೋ ಜನರಿಗೆ ಅದೇ ಸರಿಹೋಗುತ್ತದೆ. ರಾತ್ರಿ ನಿದ್ದೆ ಕೆಡಿಸುವ ನೋವು, ಮನೆಯೊಳಗೆ ನಡೆಯಲೂ ಆಗದ ಸ್ಥಿತಿ ಬಂದಾಗ ಬದಲಾವಣೆಯ ಮಾತು.

ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಒಮ್ಮೆ ಹೋಗಿ, ನಿಂತುಕೊಂಡು ತೆಗೆಸಿದ ಎಕ್ಸ್‌ರೇ ತೋರಿಸಿ. ಮಲಗಿಸಿ ತೆಗೆದದ್ದರಲ್ಲಿ ಸಂದು ಎಷ್ಟಿದೆ ಎಂದು ಸರಿಯಾಗಿ ಗೊತ್ತಾಗುವುದಿಲ್ಲ, ನಿಂತು ತೆಗೆಸಿದ್ದರಲ್ಲಿ ಗ್ರೇಡ್ 3 ಎಂದದ್ದು ಸರಿಯೇ ಎಂಬುದೂ ಖಚಿತವಾಗುತ್ತದೆ. ಬಿಪಿ ಮಾತ್ರೆಯ ಚೀಟಿ ಜೊತೆಗಿರಲಿ. ವ್ಯಾಯಾಮವನ್ನು ಮಾತ್ರ ನಾಳೆಯೇ ಶುರು ಮಾಡಿ. ಅರೇಬಿಕಾ ಹಣ್ಣು ಕೆಂಪಾಗುವ ಹೊತ್ತಿಗೆ ತೊಡೆ ಸ್ವಲ್ಪ ಗಟ್ಟಿಯಾಗಿರಬೇಕು. ಮೂರು ತಿಂಗಳು ಬಿಡದೆ ಮಾಡಿಯೂ ಇಳಿಜಾರು ಹಾಗೇ ಕಾಡಿದರೆ, ಎಕ್ಸ್‌ರೇ ವಿವರದ ಜೊತೆ ಮತ್ತೆ ಬರೆಯಿರಿ.